ಬಾಣಂತಿ ಕೋಣೆಯಿಂದ ಕೆಂಡ ಹೊರಗಿಟ್ಟ ಮೇಲೆ

ಮಗಳ ಬಾಣಂತನ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಆಯಿತು. ಡಿಸೆಂಬರ್ ಚಳಿ. ಎರೆಯೋದಕ್ಕೆ, ಕಾವು ಕೊಡೋದಕ್ಕೆ ಬೆಟಗೇರಿಯಿಂದ ಅವ್ವ ಬಂದಿದ್ದಳು. ನನ್ನ ಎರಡೂ ಬಾಣಂತನ ಮಾಡಿದವಳು ಅವಳೇ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಕಿಟಕಿಗೆ ಕಂಬಳಿ, ಬಾಗಿಲು ಬಂದ್. ಬಾಣಂತಿಗೆ ಗಾಳಿ ಹತ್ತಬಾರದು ಅಲ್ವಾ. ನಾನೂ ಏನೂ ಅನ್ನಲಿಲ್ಲ.

ಹದಿನೈದನೇ ದಿನ ಮಗಳಿಗೆ ತಲೆನೋವು ಶುರುವಾಯಿತು. ಆಮೇಲೆ ವಾಂತಿ. ಜ್ವರ ಇರಲಿಲ್ಲ. ನಿದ್ದೆಗೆಟ್ಟಿದ್ದಾಳೆ ಅಂದುಕೊಂಡೆವು. ಪಡಸಾಲೆಗೆ ಬಂದು ಕೂತರೆ ಹಗುರ, ಒಳಗೆ ಹೋದರೆ ಮತ್ತೆ ಅದೇ. ಮರುದಿನ ಜೊತೆಗೆ ಮಲಗಿದ್ದ ಅವ್ವನಿಗೂ ತಲೆ ಸುತ್ತಿತು. ಕೂಸು ಹಾಲು ಕುಡಿಯದೆ ಮಂಕಾಗಿ ಮಲಗಿತ್ತು. ಕೊರೊನಾ ಕಾಲದ ಆಕ್ಸಿಮೀಟರ್ ಮಗಳ ಬೆರಳಿಗೆ ಹಚ್ಚಿದರೆ 98 ತೋರಿಸಿತು. ಅದನ್ನು ನಂಬಿ ಎರಡು ತಾಸು ಸುಮ್ನೆ ಕಳೆದೆವು. ಆ ಎರಡು ತಾಸು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಮಾತು, "ಕೋಣೆಯಲ್ಲಿ ಏನು ಉರಿಸ್ತೀರಿ?" ರಕ್ತ ಪರೀಕ್ಷೆ ಮಾಡಿ ಮೂವರಿಗೂ ಆಕ್ಸಿಜನ್ ಹಚ್ಚಿದರು. ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಅಂತ ಆಗ ಗೊತ್ತಾಯಿತು. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ 98 ತೋರಿಸಿತ್ತು. ಸಾದಾ ಗಾಳಿಯಲ್ಲಿ ಅದು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 4-5 ತಾಸು ಬೇಕು. ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ತಾಸು. ಪುಣ್ಯಕ್ಕೆ ಮೂವರೂ ಚೇತರಿಸಿಕೊಂಡರು.

ನಾವು ಹೊಗೆಯನ್ನು ನಂಬಿ ಕೆಟ್ಟೆವು. ಇದ್ದಿಲು ಹಿತ್ತಲಲ್ಲಿ ಹೊತ್ತಿಸಿ, "ಹೊಗಿ ಹೋತು, ಈಗ ಒಳಗ ತಾ" ಅನ್ನುತ್ತಿದ್ದಳು ಅವ್ವ. ಹೊಗೆ ಹೋದರೆ ಕಣ್ಣುರಿ ಇಲ್ಲ, ವಾಸನೆ ಇಲ್ಲ. ಆದರೆ ನಿಗಿನಿಗಿ ಅನ್ನುವ ಕೆಂಡವೇ ಈ ಅನಿಲವನ್ನು ಧಾರಾಳವಾಗಿ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಹೋಗೋದಾದರೂ ಎಲ್ಲಿಗೆ? ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ಅವ್ವನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. "ನಿನ್ನ ಬಾಣಂತನಾನೂ ಹಿಂಗ ಮಾಡೀನಿ, ನಿನಗೇನಾತು?" ಅಂದಳು. ನಾನು ಬೆಟಗೇರಿ ಮನೆಯ ಮಾತು ತೆಗೆದೆ. ಅದು ಮಣ್ಣಿನ ಮಾಳಿಗೆ. ತಲೆ ಮೇಲೆ ಬೆಳಕಿಂಡಿ, ಕದದ ಸಂದಿಯಲ್ಲಿ ಬೆರಳು ತೂರುತ್ತಿತ್ತು. ಇಲ್ಲಿ ಸ್ಲ್ಯಾಬ್, ಗಾಜಿನ ಕಿಟಕಿ, ಅದಕ್ಕೆ ರಬ್ಬರ್ ಪಟ್ಟಿ. ಅವ್ವ ಮೇಲೆ ನೋಡಿ, "ಯವ್ವಾ, ಇಲ್ಲೆ ಬೆಳಕಿಂಡಿನ ಇಲ್ಲಲ್ಲ" ಅಂದಳು. ಆಮೇಲೆ ಕೆಲಸ ಸುಲಭವಾಯಿತು. ಬೆಳಕಿಂಡಿ ಇದ್ದರೆ ಕೆಂಡ ಇಡಬಹುದು ಅಂತ ಮಾತ್ರ ತಿಳಿಯಬೇಡಿ. ಮಲಗುವ ಕೋಣೆಯಲ್ಲಿ ಕೆಂಡ ಎಲ್ಲೂ ಬೇಡ.

ಅಗ್ಗಿಷ್ಟಿಗೆ ಹಿತ್ತಲಿಗೆ ಹೋಯಿತು. ಹಳೆ ಕಾಟನ್ ಸೀರೆ ತುಂಡುಗಳನ್ನು ಅಲ್ಲೇ ಕಾಯಿಸಿ, ಮಡಚಿ, ಮೊದಲು ನನ್ನ ಮುಂಗೈಗೆ ಹಚ್ಚಿ ನೋಡಿ ಮಗಳ ಬೆನ್ನಿಗೆ, ಸೊಂಟಕ್ಕೆ ಇಡುತ್ತಿದ್ದೆ. ಕಾಲಿಗೆ ಬಟ್ಟೆ ಸುತ್ತಿದ ಬಿಸಿನೀರಿನ ರಬ್ಬರ್ ಚೀಲ. ಕೂಸಿಗೆ ಕುಲಾಯಿ, ಮೇಲೊಂದು ಬಟ್ಟೆ ಜಾಸ್ತಿ, ತಾಯಿಯ ಮೈ ಬಿಸಿ. ಅಷ್ಟೇ ಸಾಕಾಯಿತು. ತಲೆಗೂದಲಿಗೆ ಲೋಬಾನದ ಹೊಗೆ ಹಾಕೋದನ್ನು ಬಿಟ್ಟುಬಿಟ್ಟೆವು. ಮಧ್ಯಾಹ್ನ ಬಿಸಿಲಲ್ಲಿ ಕೂತರೆ ಕೂದಲು ತಾನೇ ಒಣಗುತ್ತಿತ್ತು.

ಆಮೇಲೆ ಬಚ್ಚಲು. ನಮ್ಮ ಗ್ಯಾಸ್ ಗೀಸರ್ ಒಳಗೇ ಇತ್ತು. ಬಾಣಂತಿಗೆ ಎರೆಯೋದು ಅಂದರೆ ಮುಕ್ಕಾಲು ತಾಸು ನೀರು ಬಿಸಿಯಾಗುತ್ತಲೇ ಇರಬೇಕು, ಅದೂ ಕದ ಹಾಕಿಕೊಂಡು. ರಿಪೇರಿಯವನು ಮುಚ್ಚಳ ಬಿಚ್ಚಿದಾಗ ಉರಿ ನೀಲಿ ಇರಲಿಲ್ಲ, ತುದಿಯಲ್ಲಿ ಹಳದಿ ಇತ್ತು. ಮೇಲೆ ಮಸಿ. ಉರಿ ಸರಿಯಾಗಿಲ್ಲ ಅನ್ನೋದಕ್ಕೆ ಅದೇ ಗುರುತು. ಸೋರಿದರೆ ವಾಸನೆ ಬರುತ್ತದಲ್ಲ ಅಂದೆ. ಸೋರಿದ್ದು ಗೊತ್ತಾಗಲಿ ಅಂತ ಸಿಲಿಂಡರ್ ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರೆ, ಅರೆಬರೆ ಉರಿದಾಗ ಹುಟ್ಟುವ ಈ ಅನಿಲಕ್ಕೆ ವಾಸನೆ ಇಲ್ಲ ಅಂತ ಅವನೇ ತಿಳಿಸಿ ಹೇಳಿದ. ಬರ್ನರ್ ಸ್ವಚ್ಛ ಮಾಡಿಸಿ, ಗೀಸರನ್ನು ಹಿತ್ತಲ ಕಡೆಯ ಹೊರಗೋಡೆಗೆ ಹಾಕಿಸಿದೆ. ಗೋಡೆ ಕೊರೆದು ನೀರಿನ ಪೈಪ್ ಒಳಗೆ ತಂದರು. ಅಲ್ಲಿಯವರೆಗೆ ಬಚ್ಚಲ ಕದ, ಕಿಟಕಿ ತೆರೆದಿಟ್ಟು ಬಿಸಿನೀರನ್ನು ಹಂಡೆಗೆ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಎರೆದೆವು.

ಕೊನೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಅಂಗಡಿಯಲ್ಲಿ ಕೇಳಿದರೆ ಎಲ್‌ಪಿಜಿ ಸೋರಿಕೆಯ ಅಲಾರಂ ಕೊಟ್ಟರು. ಅದು ಬೇರೆ, ಇದು ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಕೋಣೆ ತುಂಬ ಬೆರೆಯುತ್ತದೆ. ನಾನು ತರಿಸಿದ್ದು ಯುರೋಪಿನ ಇಎನ್ 50291 ಗುಣಮಟ್ಟದ್ದು. ಗಾಳಿಯಲ್ಲಿ ಈ ಅನಿಲ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದರೆ 60ರಿಂದ 90 ನಿಮಿಷದಲ್ಲಿ ಕೂಗುತ್ತದೆ, 300 ಆದರೆ 3 ನಿಮಿಷದೊಳಗೆ. ಮಲಗುವ ಕೋಣೆಯ ಗೋಡೆಗೆ, ಮಲಗಿದವರ ಕಿವಿಗೆ ಕೇಳುವ ಹಾಗೆ ಹಾಕಿದೆ. ಅದಕ್ಕೂ ಅವಧಿ ಇರುತ್ತದೆ, ತಾರೀಕು ಹಿಂದೆ ಬರೆದಿದೆ. ಅದು ಕೂಗಿದರೆ ಏನು ಮಾಡಬೇಕು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ: ಕೂಸನ್ನು ಎತ್ತಿಕೊಂಡು ಎಲ್ಲರೂ ಹೊರಗೆ, ಆಮೇಲೆ 108ಕ್ಕೆ ಫೋನ್.

ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷೆ ಮಾಡಬೇಕು. ನನಗೆ ಮರೆಯುತ್ತದೆ. ಅವ್ವ ಬೆಟಗೇರಿಯಿಂದ ಪ್ರತಿ ಅಮಾವಾಸ್ಯೆಗೆ ಫೋನ್ ಮಾಡಿ, "ಗುಂಡಿ ಒತ್ತಿದ್ಯಾ?" ಅಂತ ಕೇಳುತ್ತಾಳೆ. ಒತ್ತಿ, ಆ ಕೂಗು ಅವಳಿಗೂ ಕೇಳಿಸಿಯೇ ಫೋನ್ ಇಡುತ್ತೇನೆ.