ಪಿಕಪ್‌ನ ಇಸಿಎಂ ಬದಲಿಸುವುದು ಹೇಗೆ? ಮೊದಲು ವೈರು, ಆಮೇಲೆ ಡಬ್ಬಿ

ಹಳೆಯ ಪಿಕಪ್ ವಾಹನದಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು, ಅಂದರೆ ಇಸಿಎಂ ಅನ್ನು, ಬಿಚ್ಚಿ ಬೇರೊಂದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಹೊಸದನ್ನು ಹಾಕಿದ ವಾರದೊಳಗೆ ಅದೂ ಸುಟ್ಟಿತೆಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಹಳೆಯ ಇಸಿಎಂ ಯಾವ ಕಾರಣಕ್ಕೆ ಕೆಟ್ಟಿತೆಂದು ಹುಡುಕಿರಲಿಲ್ಲ; ಇನ್ನು ಕೆಲವರ ಹಳೆಯ ಇಸಿಎಂ ಕೆಟ್ಟೇ ಇರಲಿಲ್ಲ.

ಮೊದಲು ಲಕ್ಷಣಗಳನ್ನು ಗಮನಿಸಬೇಕು. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹೊತ್ತದಿರುವುದು, ಸೆಲ್ಫ್ ತಿರುಗಿದರೂ ಎಂಜಿನ್ ಸ್ಟಾರ್ಟ್ ಆಗದಿರುವುದು, ಬಿಸಿಯಾದಾಗ ನಿಂತುಹೋಗಿ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುವುದು, ಇವೆಲ್ಲ ಇಸಿಎಂ ಕೆಟ್ಟಾಗ ಕಾಣುವ ಲಕ್ಷಣಗಳು ಹೌದಾದರೂ ಸಡಿಲವಾದ ಒಂದು ಅರ್ತ್ ವೈರು ಕೂಡ ಇವನ್ನೇ ತೋರಿಸಬಲ್ಲದು. ದೋಷ ಸಂಕೇತಗಳನ್ನು ಓದುವ ಸ್ಕ್ಯಾನರ್‌ನಲ್ಲಿ ಪಿ0601 ಅಥವಾ ಪಿ0605 ಬಂದರೆ ಇಸಿಎಂ ತನ್ನ ಒಳಗಿನ ಮೆಮೊರಿಯ ದೋಷವನ್ನೇ ಹೇಳುತ್ತಿರುತ್ತದೆ. ಪಿ0603 ಬಂದರೆ ಮಾತ್ರ ಅವಸರ ಬೇಡ, ಬ್ಯಾಟರಿ ಬಿಚ್ಚಿ ಹಾಕಿದ್ದರಿಂದಲೂ ಅದು ಬರಬಹುದು. ಬ್ಯಾಟರಿ ನಿಂತಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ಇನ್ನು ಎಲ್ಲರೂ ಎಡವುವ ಹಂತ. ವೈರು ಸರಿ ಇದೆಯೇ ಎಂದು ನೋಡಲು ಬಹುತೇಕರು ಮಲ್ಟಿಮೀಟರನ್ನು ಓಂ ಸ್ಥಾನಕ್ಕೆ ತಿರುಗಿಸುತ್ತಾರೆ. ಆ ಸ್ಥಾನದಲ್ಲಿ ಮೀಟರ್ ಹರಿಸುವ ಕರೆಂಟು ಅತ್ಯಲ್ಪವಾದ್ದರಿಂದ, ಕಿಲುಬು ತಿಂದು ಒಂದೇ ಎಳೆ ಉಳಿದಿರುವ ತಂತಿಯೂ ಚೆನ್ನಾಗಿದೆ ಎಂದೇ ತೋರುತ್ತದೆ. ಆದುದರಿಂದ ಕರೆಂಟು ಹರಿಯುತ್ತಿರುವಾಗಲೇ ವೋಲ್ಟೇಜ್ ಎಷ್ಟು ಸೋರುತ್ತಿದೆ ಎಂದು ಅಳೆಯಬೇಕು. ಕನೆಕ್ಟರ್ ಇಸಿಎಂಗೆ ಸೇರಿಕೊಂಡೇ ಇರಲಿ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ ಹಿಡಿಯಿರಿ. ಕಂಬವನ್ನು ಬಿಗಿದಿರುವ ಕ್ಲಾಂಪಿಗಲ್ಲ, ಏಕೆಂದರೆ ದೋಷ ಆ ಎರಡರ ನಡುವೆಯೇ ಇರಬಹುದು. ಕೆಂಪು ಕಡ್ಡಿಗೆ ತೆಳುವಾದ ಪಿನ್ ಸಿಕ್ಕಿಸಿ, ಕನೆಕ್ಟರಿನ ಹಿಂಬದಿಯಿಂದ ಅರ್ತ್ ವೈರಿನ ಪಕ್ಕದಲ್ಲೇ ನವಿರಾಗಿ ಒಳಗೆ ತೂರಿಸಿರಿ. ಈಗ ಕೀ ಆನ್ ಮಾಡಿ ಒಮ್ಮೆ ಓದಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಮತ್ತೊಮ್ಮೆ ಓದಿ. 0.1 ವೋಲ್ಟಿನೊಳಗಿದ್ದರೆ ಅರ್ತ್ ಸರಿಯಿದೆ; ಸೆಲ್ಫ್ ತಿರುಗುವಾಗ ಅಂಕಿ ಜಿಗಿದರೆ ಎಂಜಿನ್ ಬ್ಲಾಕಿಗೂ ಚಾಸಿಗೂ ಬಿಗಿದಿರುವ ಅರ್ತ್ ತುದಿಗಳನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಇಸಿಎಂಗೆ ಒಂದಕ್ಕಿಂತ ಹೆಚ್ಚು ಅರ್ತ್ ವೈರುಗಳಿರುತ್ತವೆ, ಒಂದನ್ನೂ ಬಿಡಬೇಡಿ. ಇದೇ ರೀತಿ ಪಾಸಿಟಿವ್ ಕಂಬದಿಂದ ಇಸಿಎಂನ ಎರಡೂ ಪೂರೈಕೆಗಳವರೆಗೆ, ಅಂದರೆ ಸದಾ ಇರುವ ಮೆಮೊರಿ ವೈರಿಗೂ ಕೀ ಆನ್ ಆದಾಗ ಬರುವ ವೈರಿಗೂ, ಅಳೆಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಿದರೆ ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್ ಇವುಗಳಲ್ಲಿ ಹುಡುಕಬೇಕು.

ವೈರಿನ ಹೊದಿಕೆಯನ್ನು ಚುಚ್ಚಿ ಅಳೆಯುವುದು ಖಂಡಿತ ಕೂಡದು; ಆ ತೂತಿನಿಂದ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ದಪ್ಪ ಕಡ್ಡಿಯನ್ನು ಕನೆಕ್ಟರಿನ ಮುಂಭಾಗದಿಂದ ತುರುಕಿದರೆ ಒಳಗಿನ ಟರ್ಮಿನಲ್ ಅಗಲವಾಗಿ, ಇಲ್ಲದ ಹೊಸ ದೋಷವನ್ನು ನೀವೇ ಸೃಷ್ಟಿಸಿದಂತಾಗುತ್ತದೆ. ಬಲ್ಬಿನ ಟೆಸ್ಟ್ ಲ್ಯಾಂಪು ಎಳೆಯುವ ಕರೆಂಟು ಇಸಿಎಂನ ಸೂಕ್ಷ್ಮ ಸರ್ಕ್ಯೂಟಿಗೆ ಹೆಚ್ಚಾಗಬಹುದಾದ್ದರಿಂದ ಅದನ್ನು ದೂರವಿಡಿ.

ಆಮೇಲೆ ಸೆನ್ಸರ್‌ಗಳಿಗೆ ಇಸಿಎಂ ಕೊಡುವ 5 ವೋಲ್ಟ್. ಒಂದು ಸೆನ್ಸರಿನೊಳಗೆ ಶಾರ್ಟ್ ಆದರೆ ಈ 5 ವೋಲ್ಟ್ ಕುಸಿದು, ಸಾಲಾಗಿ ಹಲವು ಸೆನ್ಸರ್‌ಗಳು ಕೆಟ್ಟಂತೆ ಕಾಣುತ್ತವೆ, ಕೆಲವು ವಾಹನಗಳಲ್ಲಿ ಇಸಿಎಂ ಸತ್ತಂತೆಯೇ ಇರುತ್ತದೆ. ಕೀ ಆನ್ ಇಟ್ಟು ಥ್ರಾಟಲ್ ಸೆನ್ಸರಿನ ಬಳಿ ಅಳೆಯುತ್ತ, ಉಳಿದ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚಿರಿ. ಒಮ್ಮೆ ಹೀಗೆ ಮಾಡುವಾಗ, ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಪ್ಲಗ್ ಕೈಗೆ ಬಂದ ಕ್ಷಣವೇ ಮೀಟರ್ 0.4ರಿಂದ 5ಕ್ಕೆ ಏರಿ, ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಬೆಳಗಿತು. ಆ ವಾಹನದ ಒಡೆಯರು ಆಗಲೇ ಹೊಸ ಇಸಿಎಂ ತಂದಿಟ್ಟಿದ್ದರು.

ಇಸಿಎಂ ನಿಜವಾಗಿಯೂ ಕೆಟ್ಟಿದ್ದರೆ ಅದನ್ನು ಸುಟ್ಟದ್ದು ಯಾವುದೆಂದು ನೋಡಲೇಬೇಕು. ಇಂಧನ ಚಿಮ್ಮಿಸುವ ಇಂಜೆಕ್ಟರ್, ಆಕ್ಸಿಲರೇಟರ್ ಒತ್ತದಿರುವಾಗಿನ ಓಟವನ್ನು ನಿಯಂತ್ರಿಸುವ ಐಡಲ್ ಮೋಟಾರ್, ಇಗ್ನಿಷನ್ ಕಾಯಿಲ್, ರಿಲೇಗಳನ್ನು ಕಳಚಿ ಪ್ರತಿಯೊಂದರ ಓಂ ಅಳೆದು ಕೈಪಿಡಿಯೊಂದಿಗೆ ಹೋಲಿಸಿರಿ. ಇಲ್ಲಿ ಓಂ ಸ್ಥಾನವೇ ಸರಿ. ಅನೇಕ ಇಂಜೆಕ್ಟರ್‌ಗಳು 11ರಿಂದ 16 ಓಂ ಇರುತ್ತವೆ. ಥ್ರಾಟಲ್ ಬಾಡಿಯಲ್ಲೇ ಇಂಧನ ಚಿಮ್ಮುವ ವ್ಯವಸ್ಥೆಯಲ್ಲಿ ಅದು ಒಂದೆರಡು ಓಂ ಮಾತ್ರ. ಒಂದೇ ಬಗೆಯವುಗಳ ನಡುವೆ ಒಂದು ಮಾತ್ರ ತೀರ ಕಡಿಮೆ ತೋರಿಸಿದರೆ, ಹೊಸ ಇಸಿಎಂ ಅನ್ನು ಸುಡಲು ಅದೊಂದೇ ಸಾಕು.

ಕೊಳ್ಳುವ ಮುನ್ನ ಹಳೆಯದರ ಮುಚ್ಚಳ ತೆರೆದು ನೋಡಿರಿ. 1980 ಮತ್ತು 90ರ ದಶಕದ ಎಷ್ಟೋ ಬೋರ್ಡುಗಳಲ್ಲಿ ಕೆಪಾಸಿಟರ್ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಮೀನಿನಂಥ ವಾಸನೆ ಬರುತ್ತದೆ. ಹಾನಿ ಅಷ್ಟೇ ಆಗಿದ್ದರೆ ಬೆಸುಗೆ ಬಲ್ಲವರಿಂದ 105 ಡಿಗ್ರಿ ತಾಳಿಕೆಯ ಕೆಪಾಸಿಟರ್ ಹಾಕಿಸುವುದೇ ಉತ್ತಮ. ಸ್ವಂತ ಬೋರ್ಡು ಬದುಕಿದರೆ ಪ್ರೋಗ್ರಾಮೂ ಕೀ ಹೊಂದಾಣಿಕೆಯೂ ಹಾಗೇ ಉಳಿಯುವುದರಿಂದ ನಾನು ಯಾವಾಗಲೂ ರಿಪೇರಿಯ ಪರ. ಬದಲಿಸಲೇಬೇಕಾದರೆ ಪಾರ್ಟ್ ನಂಬರಿನ ಒಂದೊಂದು ಅಕ್ಷರವೂ ಹೊಂದಬೇಕು. ಎಂಜಿನ್ ಒಂದೇ ಆದರೂ ಗೇರ್ ಬಾಕ್ಸ್ ಬೇರೆಯಾದರೆ ಇಸಿಎಂ ಬೇರೆಯಾಗಬಹುದು. 1990ರ ದಶಕದ ಮೊದಲರ್ಧದವರೆಗಿನ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಎಂಜಿನ್ ಲೆಕ್ಕಾಚಾರವಿರುವ ಚಿಪ್ಪನ್ನು ಹಳೆಯ ಇಸಿಎಂನಿಂದ ತೆಗೆದು ಹೊಸದಕ್ಕೆ ಕೂರಿಸಬೇಕು. ಅದರ ಕಾಲುಗಳನ್ನು ಮುಟ್ಟಬೇಡಿ, ತಿರುವುಮುರುವು ಮಾಡಬೇಡಿ. ಈ ಚಿಪ್ಪನ್ನು ಹಳೆಯ ಡಬ್ಬಿಯೊಂದಿಗೇ ಅಂಗಡಿಗೆ ಹಿಂದಿರುಗಿಸಿ ಪರದಾಡಿದವರಿದ್ದಾರೆ.

ಬಿಚ್ಚುವ ಕೆಲಸ ಸರಳ: ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಬಾಡಿಯ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಕನೆಕ್ಟರಿನ ಬೋಲ್ಟ್ ಸಡಿಲಿಸಿ, ವೈರು ಹಿಡಿಯದೆ ಕನೆಕ್ಟರನ್ನೇ ಹಿಡಿದು ಎಳೆಯಿರಿ. ಕೂರಿಸುವಾಗ ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ನೀರು ಬಾರದಿರಲೆಂದು ಕನೆಕ್ಟರಿಗೆ ವಿನೆಗರ್ ವಾಸನೆಯ ಸಿಲಿಕೋನ್ ಅಂಟು ತುಂಬುವ ಅಡ್ಡದಾರಿ ಬೇಡವೇ ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನೇ ತಿನ್ನುತ್ತದೆ.

ಅಮೆರಿಕದಲ್ಲಿ ಒಬಿಡಿ-2, ಅಂದರೆ ವಾಹನ ತನ್ನ ದೋಷವನ್ನು ತಾನೇ ಗುರುತಿಸುವ ಏಕರೂಪದ ವ್ಯವಸ್ಥೆ, ಕಡ್ಡಾಯವಾದ 1996ರ ನಂತರದ ಬಹುತೇಕ ಪಿಕಪ್‌ಗಳಲ್ಲಿ ಇಸಿಎಂಗೆ ಪ್ರೋಗ್ರಾಮನ್ನು ಸ್ಕ್ಯಾನ್ ಉಪಕರಣದಿಂದ ತುಂಬಬೇಕು. ಆ ಹೊತ್ತಿನಲ್ಲಿ ಬ್ಯಾಟರಿ ಕುಸಿದರೆ ಇಸಿಎಂ ಅರ್ಧದಲ್ಲೇ ಕೆಟ್ಟು ನಿಲ್ಲಬಹುದು, ಹಾಗೆಂದು ಸಾಮಾನ್ಯ ಚಾರ್ಜರ್ ಹಚ್ಚಿದರೆ ಅದರ ಏರಿಳಿತದ ವೋಲ್ಟೇಜೂ ಅಪಾಯವೇ. ಪ್ರೋಗ್ರಾಮಿಂಗ್‌ಗೆಂದೇ ಇರುವ ಸ್ಥಿರ ಪವರ್ ಸಪ್ಲೈ ಇಲ್ಲದವರ ಬಳಿ ಈ ಕೆಲಸ ಮಾಡಿಸಬೇಡಿ. ಕಳ್ಳತನ ತಡೆಯುವ ವ್ಯವಸ್ಥೆಯಿದ್ದರೆ ಕೀಯನ್ನೂ ಹೊಂದಿಸಬೇಕಾಗುತ್ತದೆ.

ಸ್ಟಾರ್ಟ್ ಆದ ಮೇಲೆ ಐಡಲ್ ಸ್ವಲ್ಪ ತೊನೆದಾಡಿದರೆ ಗಾಬರಿಯಾಗಬೇಡಿ, ಹೊಸ ಇಸಿಎಂ ಓಡುತ್ತ ಕಲಿಯುತ್ತದೆ. ಎರಡು ದಿನ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಅರ್ತ್ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ, ಆ ಅಂಕಿ 0.1 ದಾಟುತ್ತಿಲ್ಲವೆಂದು ಖಚಿತವಾಗುವವರೆಗೆ ಹಳೆಯ ಇಸಿಎಂ ಅನ್ನು ಯಾರಿಗೂ ಕೊಡಬೇಡಿ.