ಸೋಲಾರ್ ಬಿಸಿನೀರಿಗೆ ಮ್ಯಾನಿಫೋಲ್ಡ್ ಹಾಕೀನಿ, ಪಂಪ್ ಇಲ್ಲದ ನಡದದ

ಸಿಂಧನೂರಾಗ ಎರಡಂತಸ್ತಿನ ಮನಿ, ಮ್ಯಾಲ 200 ಲೀಟರ್ ಸೋಲಾರ್, ನಾಕು ಕಡೆ ಬಿಸಿನೀರು ಬೇಕು. ಮುಕ್ಕಾಲು ಇಂಚಿನ ಒಂದೇ ಲೈನ್ ಇಳಿಸಿ ಟೀ (ಕವಲು ಜಾಯಿಂಟ್) ಹಾಕ್ಕೋತ ಹೋದ್ರ ಏನಾಗ್ತದ ಅಂತ ನಿಮಗೂ ಗೊತ್ತು, ಕೆಳಗ ಅಡಿಗಿ ಮನ್ಯಾಗ ನಳ ಬಿಟ್ರ ಮ್ಯಾಲಿನ ಶವರ್ ಸತ್ತೇ ಹೋಗ್ತದ. ಮಾಳಗಿ ಮ್ಯಾಲ ಮ್ಯಾನಿಫೋಲ್ಡ್, ಅಂದ್ರ ಎಲ್ಲಾ ಲೈನ್ ಕವಲೊಡಿಯೋ ಒಂದು ದಪ್ಪ ಪೈಪು (ಹೆಡರ್ ಅಂತೀವಿ) ಕೂಡ್ಸಿ ಒಂದೊಂದು ಪಾಯಿಂಟಿಗೆ ಬ್ಯಾರೆ ಬ್ಯಾರೆ ಅರ್ಧ ಇಂಚಿನ ಲೈನ್ ಬಿಡ್ತೀನಿ ಅಂದೆ. ಗೌಂಡಿ ನಕ್ಕ. ನಮ್ಮ ಪ್ಲಂಬಿಂಗ್ ಲೈನಿನ ಹಿರ್ಯಾರೊಬ್ರು "ಅರ್ಧ ಇಂಚಿನ್ಯಾಗ ಪಂಪ್ ಇಲ್ಲದ ಎಲ್ಲಿ ಬರ್ತದೋ ತಮ್ಮಾ, ಮನಿಯವರ ರೊಕ್ಕ ಹಾಳ್ ಮಾಡಬ್ಯಾಡ" ಅಂದ್ರು.

ಮೊದ್ಲ ಆನ್‌ಲೈನ್‌ನಾಗ ಬ್ರಾಸ್ ಮ್ಯಾನಿಫೋಲ್ಡ್ ತರ್ಸಿದ್ದೆ, ಚಳಿ ದೇಶದಾಗ ನೆಲದ ಕೆಳಗ ಪೈಪ್ ಹಾಸಿ ರೂಮ್ ಬೆಚ್ಚಗ ಮಾಡ್ತಾರಲ್ಲ ಅದಕ್ಕ ಮಾಡಿದ್ದು, ಫ್ಲೋ ಮೀಟರ್ ಸಮೇತ, ಏಳು ಏಳೂವರಿ ಸಾವಿರ ಹೋತು. ನೋಡಾಕ ಭಾಳ ಛಲೋ. ಆದ್ರ ಅದು ಪಂಪಿನ ಒತ್ತಡಕ್ಕ ಮಾಡಿದ ಸಾಮಾನು, ನಮಗ ಹತ್ತು ಫೂಟ್ ಇಳುವಿಗೆ ಸಿಗೋದೇ 0.3 ಬಾರ್ ಒತ್ತಡ, ಅದ್ರಾಗ ಬೋರಿನ ಸವಳು ನೀರು, ಒಂದು ಬ್ಯಾಸಗಿ ಮುಗಿಯೋದ್ರಾಗ ಮೀಟರ್ ಬಿಳಿ ಉಪ್ಪು ಕಟ್ಟಿ ಜಾಮ್. ಕಿತ್ತು ಹಾಕಿ ಒಂದೂಕಾಲು ಇಂಚಿನ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್ ಪೈಪ್) ಹೆಡರ್ ನಾನೇ ಕಟ್ಟಿದೆ, ಒಂದೊಂದು ಲೈನಿಗೂ ಬಾಲ್ ವಾಲ್ವ್, ಟ್ಯಾಂಕಿನ ಬಾಯಿಗೆ ಮಾತ್ರ ಮೂರು ಫೂಟ್ ಜಿಐ (ಕಬ್ಬಿಣದ ಪೈಪ್), ಯಾಕಂದ್ರ ಮೇ ತಿಂಗಳಾಗ ಅಲ್ಲಿ ಪ್ಲಾಸ್ಟಿಕ್ ಪೈಪ್ ಮೆತ್ತಗಾಗಿ ಬಾಗ್ತದ.

ಆಮ್ಯಾಲ ಏರ್ ಲಾಕ್ ಕಾಟ. ಪ್ಯಾರಾಪೆಟ್ (ಮಾಳಗಿ ಅಂಚಿನ ಗ್ವಾಡಿ) ಹತ್ತಿ ಇಳಿಯೋ ಲೈನಿನ್ಯಾಗ ಗಾಳಿ ಕುಂತ್ರ ಒಂದು ಬಚ್ಚಲಕ್ಕ ನೀರೇ ಇಲ್ಲ. ಪ್ಯಾರಾಪೆಟ್ ಕೊರದು ಲೈನ್ ನೇರ ಇಳಿಸಿ, ಹೆಡರ್‌ಗೆ ವೆಂಟ್ (ಗಾಳಿ ಹೊರಗ ಹೋಗೋ ಪೈಪ್) ಕಡೆ ಸ್ವಲ್ಪ ಏರು ಕೊಟ್ಟೆ. ಎಷ್ಟು ಏರು, ವೆಂಟ್ ಎಲ್ಲಿ ತೆಗೀಬೇಕು ಅನ್ನೋದು ನನ್ನ ಹೊಟ್ಟಿಪಾಡು, ಅದನ್ನ ಕೇಳಬ್ಯಾಡ್ರಿ. ಬಿಸಿ-ತಣ್ಣೀರು ಕೂಡ್ಸೋ ಮಿಕ್ಸರ್ ನಳದಾಗಿಂದ ತಣ್ಣೀರು ಬಿಸಿ ಲೈನಿಗೆ ನುಗ್ತಿತ್ತು, ನೀರು ವಾಪಸ್ ಹೋಗದಂಗ ತಡಿಯೋ ಸ್ಪ್ರಿಂಗ್ ಎನ್‌ಆರ್‌ವಿ ಹಾಕಿದ್ರ ಇಷ್ಟು ಕಮ್ಮಿ ಒತ್ತಡಕ್ಕ ಅದು ಪೂರಾ ತೆರಿಯೋದೇ ಇಲ್ಲ, ಫ್ಲ್ಯಾಪ್ ಟೈಪ್ (ಬರೇ ಮುಚ್ಚಳ ತೂಗೋದು) ಹಾಕಿದ ಮ್ಯಾಲ ನಿಂತಿತು.

ಈಗ 15 ಲೀಟರ್ ಬಕೆಟ್ ಎರಡೂವರಿ ನಿಮಿಷದಾಗ ತುಂಬ್ತದ, ಎರಡು ನಳ ಒಟ್ಟಿಗೆ ಬಿಟ್ರೂ ಅಷ್ಟೇನ್ ಫರಕ್ ಇಲ್ಲ. ಇನ್ನೊಂದು ಲಾಭ, 15 ಮೀಟರ್ ಮುಕ್ಕಾಲು ಇಂಚಿನ ಪೈಪಿನ್ಯಾಗ ಹೆಚ್ಚುಕಮ್ಮಿ 4 ಲೀಟರ್ ತಣ್ಣೀರು ನಿಂತಿರ್ತದ, ಅರ್ಧ ಇಂಚಿನ್ಯಾಗ 2 ಲೀಟರೂ ಇಲ್ಲ, ಬಿಸಿನೀರು ಬರೋ ತನಕ ಚೆಲ್ಲೋದು ಅರ್ಧಕ್ಕರ್ಧ ಉಳೀತು. ಪೈಪ್ ಖರ್ಚು ಐದಾರು ಸಾವಿರ ಜಾಸ್ತಿ ಆತು ಖರೆ, ಆದ್ರ ಪ್ರೆಶರ್ ಪಂಪಿನ ರೊಕ್ಕ ಉಳೀತು. ಒಂದು ಲೈನ್ ಕೆಟ್ರ ಅದೊಂದೇ ಬಂದ್ ಮಾಡಿ ರಿಪೇರಿ ಮಾಡಬಹುದು, ಮನಿ ಹೆಣ್ಮಕ್ಕಳು ಬೈಯೋದಿಲ್ಲ.

ನಡುವ ತಣ್ಣೀರಿಗೂ ಹಿಂಗ ಹೆಡರ್ ಮಾಡಿ ನೋಡಿದೆ. ಆದ್ರ ನಮ್ಮ ಬ್ಯಾಸಗ್ಯಾಗ ಮ್ಯಾಲಿನ ಟ್ಯಾಂಕು, ಹೆಡರ್ ಕಾದು ಮಧ್ಯಾಹ್ನ ತಣ್ಣೀರಿನ ನಳದಾಗ ಕೈ ಸುಡೋ ನೀರು ಬರ್ತದ, ಸೋಲಾರೇ ಬ್ಯಾಡ. ಟ್ಯಾಂಕಿಗೆ ಗೋಣಿಚೀಲ ಸುತ್ತಿ ನೀರು ಹೊಡದ್ರ ಸ್ವಲ್ಪ ತಡೀತದ, ಆದ್ರ ದಿನಾ ಹೊಡಿಯೋರು ಯಾರು? ಈ ಸಲ ಮ್ಯಾಲ ತಗಡಿನ ನೆರಳು ಹಾಕಿ, ಹೆಡರ್‌ಗೂ ಫೋಮ್ ಸುತ್ತಬೇಕಂತ ಮಾಡೀನಿ.