ಮಾರುತಿ 800ರ ಸಿಲಿಂಡರ್ ಹೆಡ್ಡನ್ನು ಮನೆಯಲ್ಲೇ ತಿದ್ದಿದ ಬಗೆ

ನಮ್ಮ ಹೊಲ ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ. ನೀರು ಅಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ, ಹೆಚ್ಚು ನೀರು ಬರಲಿ ಎಂದು ನಾನೊಬ್ಬನೇ ಗುದ್ದಲಿ ಹಿಡಿದು ಹೊಲಗಾಲುವೆಯನ್ನು ಹತ್ತು ಮಾರು ದೂರದವರೆಗೆ ಅಗಲ ಮಾಡಿದೆ. ನೀರು ಹೆಚ್ಚಲಿಲ್ಲ. ಅಗಲವಾದ ಕಡೆ ನಿಧಾನವಾಗಿ, ಹೊತ್ತು ತಂದ ಹೂಳನ್ನೆಲ್ಲ ಅಲ್ಲೇ ಇಳಿಸಿತು. ಅಪ್ಪ ಬಂದು ಬದುವನ್ನು ಮೊದಲಿದ್ದಂತೆ ಕಟ್ಟಿದರು. ಆಮೇಲೆ ತಿರುವಿನಲ್ಲಿ ಒಳಕ್ಕೆ ಚಾಚಿಕೊಂಡಿದ್ದ ಒಂದು ಕಲ್ಲನ್ನು ಕಿತ್ತರು. ಅಷ್ಟಕ್ಕೇ ನೀರು ಓಡತೊಡಗಿತು.

ಮೂವತ್ತು ವರ್ಷಗಳ ನಂತರ ಅಪ್ಪನದೇ ಮಾರುತಿ 800ರ ಸಿಲಿಂಡರ್ ಹೆಡ್ಡನ್ನು, ಅಂದರೆ ಎಂಜಿನ್ನಿನ ಮೇಲೆ ಕೂರುವ ಎರಕದ ಮುಚ್ಚಳವನ್ನು, ಮೇಜಿನ ಮೇಲಿಟ್ಟುಕೊಂಡು ಅದರಲ್ಲಿ ಗಾಳಿ ಸಾಗುವ ಪೋರ್ಟಿನೊಳಗೆ ಬೆರಳು ತೂರಿಸಿದಾಗ ನನಗೆ ನೆನಪಾದದ್ದು ಆ ಕಲ್ಲು.

ದಾವಣಗೆರೆಯಲ್ಲಿ ನನ್ನದು ಕೊಳವೆಬಾವಿ ಮೋಟಾರು ರಿವೈಂಡಿಂಗ್ ಅಂಗಡಿ. ಕಾರು ರಿಪೇರಿ ನನ್ನ ಕಸುಬಲ್ಲ, ಆದರೆ ಕೈಗೆ ಸಲಕರಣೆಯ ರೂಢಿ ಇದೆ. ಕಾರು 1996ರದು, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಇರುವ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ನಾಲ್ಕು ಗೇರು. ಕಳೆದ ವರ್ಷ ಅದು ಏರಿನಲ್ಲಿ ತೀರಾ ಏದುಸಿರು ಬಿಡತೊಡಗಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿದರೆ ಮೊದಲೆರಡು ಸಿಲಿಂಡರುಗಳಲ್ಲಿ ಚದರ ಸೆಂ.ಮೀ.ಗೆ 12 ಕೆ.ಜಿ., ಮೂರನೆಯದರಲ್ಲಿ 9. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ನೋಡಿದರೂ ಅದು ಏರಲಿಲ್ಲ. ಪಿಸ್ಟನ್ನಿನ ಸುತ್ತಲಿನ ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರುತ್ತಿತ್ತು. ಎಂದರೆ ರಿಂಗ್ ಸರಿ ಇದೆ, ಸೋರುತ್ತಿರುವುದು ಪೋರ್ಟನ್ನು ತೆರೆದು ಮುಚ್ಚುವ ವಾಲ್ವ್. ಹೆಡ್ ಬಿಚ್ಚಲೇಬೇಕಿತ್ತು. ಬಿಚ್ಚಿದ ಮೇಲೆ ಗಾಳಿಯ ದಾರಿಯನ್ನೂ ಸರಿಮಾಡಿಬಿಡೋಣ ಎಂದು ನಿರ್ಧರಿಸಿದೆ.

ನೇರವಾಗಿ ಅದರ ಮೇಲೆ ಕೈ ಇಡಲಿಲ್ಲ. ಮೊದಲು ಗುಜರಿಯಿಂದ ಅದೇ ಎಂಜಿನ್ನಿನ ಒಂದು ಬಿರುಕು ಬಿಟ್ಟ ಹೆಡ್ಡನ್ನು ತೂಕದ ಲೆಕ್ಕದಲ್ಲಿ ತಂದೆ. ಒಂದು ಇನ್‌ಟೇಕ್ ಪೋರ್ಟ್ (ಗಾಳಿ ಒಳಬರುವ ದಾರಿ) ಮತ್ತು ಒಂದು ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ದಾರಿ) ಉದ್ದಕ್ಕೂ ಹ್ಯಾಕ್ಸಾ ಹಾಕಿ ಕೊಯ್ದೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಒಂದು ಸಂಜೆ. ಹೊರಗಿನಿಂದ ನೋಡಿದರೆ ಪೋರ್ಟ್ ಒಂದು ತೂತು, ಅಷ್ಟೇ. ಸೀಳಿ ನೋಡಿದರೆ ಗೋಡೆಯ ಆಚೆ ಎಂಜಿನ್ ತಣಿಸುವ ನೀರು ಹರಿಯುವ ಜಾಕೆಟ್ ಕಾಣುತ್ತದೆ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಕಾಣುತ್ತದೆ. ವರ್ನಿಯರ್ ಹಿಡಿದು ಅಳೆದು, ತೆಳುವಾದ ಜಾಗಗಳನ್ನೆಲ್ಲ ಕೆಂಪು ಮಾರ್ಕರಿನಿಂದ ಗುರುತು ಮಾಡಿದೆ. ಉಳಿದ ಪೋರ್ಟುಗಳ ಮೇಲೆ ಅಭ್ಯಾಸಕ್ಕೆಂದು ಕೊರೆಯುವ ಯಂತ್ರ ಆಡಿಸಿದೆ. ಅವುಗಳಲ್ಲೊಂದು ನೀರಿನ ಜಾಕೆಟ್ಟಿಗೆ ತೂತಾಯಿತು. ಅದು ನನ್ನ ಕಾರಿನ ಹೆಡ್ ಆಗಿದ್ದರೆ ಎಸೆಯಬೇಕಿತ್ತು. ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವ ಯಾರೇ ಆಗಲಿ, ಗುಜರಿ ಹೆಡ್ಡಿನ ಮೇಲೆ ಅಭ್ಯಾಸ ಮಾಡದೆ ಮುಂದುವರಿಯಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಬಿಚ್ಚುವ ಕೆಲಸದಲ್ಲಿ ವಿಶೇಷವೇನಿಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು, ಆರು ವಾಲ್ವುಗಳನ್ನೂ ಅವುಗಳ ಸ್ಪ್ರಿಂಗ್ ಮತ್ತು ಲಾಕ್ ಸಮೇತ ಗುರುತು ಹಾಕಿದ ಡಬ್ಬಿಗಳಲ್ಲಿ ಬೇರೆ ಬೇರೆ ಇಡಬೇಕು. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳಿದ್ದವು. ಸೋರಿಕೆ ಅದರದೇ. ಆ ವಾಲ್ವನ್ನು ಹೊಸದು ತಂದೆ.

ಈಗ ಬೆರಳಿನ ವಿಷಯಕ್ಕೆ ಬರುತ್ತೇನೆ. ಇನ್‌ಟೇಕ್ ಪೋರ್ಟಿನೊಳಗೆ ಕಿರುಬೆರಳು ತೂರಿಸಿ ನಿಧಾನವಾಗಿ ಸುತ್ತ ಆಡಿಸಿದರೆ ಮೊದಲು ಸಿಗುವುದು ಎರಕದ ಗೆರೆ, ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಎದ್ದು ನಿಂತ ಸಣ್ಣ ಏಣು. ಇನ್ನೂ ಒಳಕ್ಕೆ ಹೋದರೆ ದಾರಿ ವಾಲ್ವಿನ ಕಡೆಗೆ ಬಾಗುತ್ತದೆ. ಆ ಬಾಗಿನ ಒಳಮಗ್ಗುಲಲ್ಲಿ, ವಾಲ್ವ್ ಮುಚ್ಚಿ ಕೂರುವ ಸೀಟಿನ ಉಂಗುರ ಶುರುವಾಗುವ ಮುನ್ನ, ಒಂದು ಚೂಪಾದ ಮೂಲೆ. ನನ್ನ ಹೆಡ್ಡಿನಲ್ಲಿ ಅದು ಉಗುರಿಗೆ ಸಿಗುವಷ್ಟು ಎದ್ದಿತ್ತು. ನಾಲೆಯ ತಿರುವಿನಲ್ಲಿ ನೀರು ಹೊರದಡಕ್ಕೆ ಬಡಿದು ಒಳದಡದಲ್ಲಿ ಸುಳಿಯಾಗುತ್ತದೆಯಲ್ಲ, ಗಾಳಿಯದೂ ಅದೇ ಪಾಡು. ಮೂಲೆ ಚೂಪಾಗಿದ್ದಷ್ಟೂ ಗಾಳಿ ಗೋಡೆ ಬಿಟ್ಟು ದೂರ ಹಾರುತ್ತದೆ. ಆಗ ವಾಲ್ವಿನ ಸುತ್ತಳತೆಯಲ್ಲಿ ಒಂದು ಪಾಲು ಮಾತ್ರ ದುಡಿಯುತ್ತದೆ, ಉಳಿದದ್ದು ಸುಮ್ಮನಿರುತ್ತದೆ. ಕೀಳಬೇಕಾದ ಕಲ್ಲು ಇದೇ.

ಪೋರ್ಟನ್ನು ದೊಡ್ಡದು ಮಾಡಿದರೆ ಶಕ್ತಿ ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಒಂದು ಸಿಲಿಂಡರಿಗೆ 265 ಸಿ.ಸಿ. ಇರುವ ಈ ಪುಟ್ಟ ಎಂಜಿನ್ನಿನಲ್ಲಿ ಅದು ತಪ್ಪು. ದಾರಿ ಅಗಲವಾದರೆ ಗಾಳಿಯ ವೇಗ ಇಳಿಯುತ್ತದೆ. ಕಾರ್ಬುರೇಟರಿನಿಂದ ಬರುವ ಗಾಳಿ ಪೆಟ್ರೋಲಿನ ಹನಿಗಳನ್ನು ಹೊತ್ತು ತರುತ್ತದೆ. ವೇಗ ಇಳಿದರೆ ನಾಲೆ ಹೂಳು ಇಳಿಸಿದಂತೆ ಅದು ಹನಿಗಳನ್ನು ಗೋಡೆಗೆ ಬಿಟ್ಟುಬಿಡುತ್ತದೆ. ಪೇಟೆಯೊಳಗೆ, ಕಡಿಮೆ ಸುತ್ತಿನಲ್ಲಿ ಓಡಿಸುವಾಗ ಕಾರು ಎಳೆಯುವುದೇ ಇಲ್ಲ. ಆದ್ದರಿಂದ ನಾನು ಪೋರ್ಟಿನ ನಡುಭಾಗದ ಅಳತೆಯನ್ನು ಮುಟ್ಟಲಿಲ್ಲ. ಎರಕದ ಗೆರೆ ತೆಗೆದೆ, ಒಳತಿರುವಿನ ಮೂಲೆಯನ್ನು ದುಂಡಗೆ ಮಾಡಿದೆ, ವಾಲ್ವ್ ಗೈಡಿನ (ವಾಲ್ವಿನ ಕಡ್ಡಿ ಆಡುವ ಕೊಳವೆ) ಸುತ್ತಲಿನ ದಿಬ್ಬವನ್ನು ದೋಣಿಯ ಮೂತಿಯಂತೆ ಸಪೂರ ಮಾಡಿದೆ. ಗೈಡನ್ನು ಮಾತ್ರ ಗಿಡ್ಡ ಮಾಡಲಿಲ್ಲ, ಹಾಗೆ ಮಾಡಿದರೆ ವಾಲ್ವಿಗೆ ಆಸರೆ ಕಡಿಮೆಯಾಗಿ ಅದು ಅಲುಗಾಡುತ್ತದೆ.

ಕೊರೆಯಲು, ವೇಗ ಹೆಚ್ಚುಕಡಿಮೆ ಮಾಡಬಹುದಾದ ಎಲೆಕ್ಟ್ರಿಕ್ ಡೈ ಗ್ರೈಂಡರ್ ಸಾಕು. ಹೆಡ್ ಅಲ್ಯೂಮಿನಿಯಂನದಾದ್ದರಿಂದ, ಅದರ ತುದಿಗೆ ಸಿಕ್ಕಿಸುವ ಬರ್ ಮಾತ್ರ ಅಲ್ಯೂಮಿನಿಯಂಗೆಂದೇ ಮಾಡಿದ ಅಗಲ ಹಲ್ಲಿನ ಕಾರ್ಬೈಡ್ ಬರ್ ಆಗಿರಬೇಕು. ಕಬ್ಬಿಣಕ್ಕೆ ಬಳಸುವ ಸಣ್ಣ ಹಲ್ಲಿನದಾದರೆ ಎರಡೇ ನಿಮಿಷದಲ್ಲಿ ಲೋಹ ಮೆತ್ತಿಕೊಂಡು ಕೊರೆಯುವ ಬದಲು ಉಜ್ಜುತ್ತದೆ. ಆಗಾಗ ಬರ್ ತುದಿಯನ್ನು ಮೇಣದ ಬತ್ತಿಗೆ ತಾಗಿಸುತ್ತಿದ್ದೆ, ಮೆತ್ತಿಕೊಳ್ಳುವುದು ತಪ್ಪಿತು. ಕನ್ನಡಕ, ಧೂಳಿನ ಮುಖಗವಸು ಇಲ್ಲದೆ ಶುರು ಮಾಡಲೇಬೇಡಿ. ಅಲ್ಯೂಮಿನಿಯಂ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸೀಟುಗಳಿಗೆ ಪೆಟ್ಟಾಗದಿರಲಿ ಎಂದು ಹಳೆಯ ವಾಲ್ವುಗಳನ್ನು ಹಾಕಿಯೇ ಕೆಲಸ ಮಾಡುತ್ತಿದ್ದೆ. ಆದರೆ ಸೀಟಿನ ಕೆಳಗಿನ ಬಟ್ಟಲಿನ ಭಾಗವನ್ನು ತಿದ್ದುವಾಗ ವಾಲ್ವ್ ತೆಗೆಯಲೇಬೇಕು. ಆರನೆಯ ಸಂಜೆ, ಎರಡನೆಯ ಎಕ್ಸಾಸ್ಟಿನಲ್ಲಿ, ಬರ್ ಒಮ್ಮೆ ಸೀಟಿನ ಮೇಲೆ ಜಿಗಿಯಿತು. ಅರ್ಧ ಅಕ್ಕಿಕಾಳಿನಷ್ಟು ಗೀರು. ಸೀಟು ಗಟ್ಟಿ ಲೋಹ, ಪಕ್ಕದ ಅಲ್ಯೂಮಿನಿಯಂ ಮೆದು. ಮೆದುವಿನಿಂದ ಗಟ್ಟಿಗೆ ದಾಟುವಾಗ ಬರ್ ಜಿಗಿಯುತ್ತದೆ ಎಂಬುದು ನನಗೆ ಗೊತ್ತಿತ್ತು, ಕೈ ದಣಿದಿದ್ದರಿಂದ ತಡೆಯಲಾಗಲಿಲ್ಲ. ಅಂದಿನಿಂದ ಒಂದು ಸಂಜೆಗೆ ಒಂದೇ ಪೋರ್ಟ್ ಎಂದು ಕಟ್ಟುನಿಟ್ಟು ಮಾಡಿಕೊಂಡೆ.

ಸೀಟು ಕೊರೆಯುವುದು ಮನೆಯ ಕೆಲಸವಲ್ಲ. ಪರಿಚಯದ ಲೇತ್ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿರುವುದು ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್, ಇವತ್ತಿಗೂ ಅಲುಗಾಡದೆ ತಿರುಗುತ್ತದೆ. ಅದರ ಪಕ್ಕದ ಬೆಂಚಿನಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಕೈಯಿಂದ ತಿರುಗಿಸುವ ಕಟರಿನಲ್ಲಿ ಆರೂ ಸೀಟುಗಳನ್ನು 30, 45, 60 ಡಿಗ್ರಿಯ ಮೂರು ಓರೆಗಳಲ್ಲಿ ಕೊರೆದುಕೊಟ್ಟರು. ನಡುವಿನ 45 ಡಿಗ್ರಿಯ ಪಟ್ಟಿಯ ಮೇಲೆ ವಾಲ್ವ್ ಕೂರುತ್ತದೆ, ಆಚೀಚೆಯ ಎರಡು ಓರೆಗಳು ಗಾಳಿಗೆ ತಿರುವನ್ನು ಸುಲಭ ಮಾಡಿಕೊಡುತ್ತವೆ. ನಾನು ಹತ್ತು ಸಂಜೆ ಉಜ್ಜಿ ಪಡೆದದ್ದಕ್ಕಿಂತ ಅವರ ಆ ಎರಡು ಗಂಟೆಯ ಕೆಲಸದ ಫಲವೇ ದೊಡ್ಡದಿರಬಹುದು ಎಂದು ಈಗ ಅನ್ನಿಸುತ್ತದೆ. ಹೆಡ್ಡಿನ ತಳ ಸೊಟ್ಟಗಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು, 0.05 ಮಿ.ಮೀ. ದಪ್ಪದ ಫೀಲರ್ ತಗಡು ತೂರಿಸಿಯೂ ಅವರೇ ನೋಡಿದರು. ತೂರಲಿಲ್ಲ.

ಮನೆಗೆ ತಂದ ಮೇಲೆ ಮಸೆಯುವ ಪೇಸ್ಟ್ ಹಾಕಿ ವಾಲ್ವುಗಳನ್ನು ಸೀಟಿಗೆ ಮಸೆದೆ. ಮೊದಲು ದಪ್ಪ, ಆಮೇಲೆ ನುಣುಪು. ವಾಲ್ವಿಗೆ ಅಂಟಿಸಿದ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ಆಡಿಸುತ್ತಿದ್ದರೆ ಮೊದಲು ಗರಗರ ಎನ್ನುವ ಸದ್ದು ನಿಧಾನಕ್ಕೆ ಮೆತ್ತಗಾಗುತ್ತದೆ. ಒರೆಸಿ ನೋಡಿದರೆ ಸುತ್ತಲೂ ಒಂದೇ ಅಗಲದ ಬೂದು ಉಂಗುರ ಕಾಣಬೇಕು. ಎಲ್ಲಿಯೂ ತುಂಡಾಗಿರಬಾರದು.

ಮೇಲ್ಮೈ ವಿಷಯದಲ್ಲಿ ಇನ್‌ಟೇಕಿಗೊಂದು ನ್ಯಾಯ, ಎಕ್ಸಾಸ್ಟಿಗೊಂದು. ಇನ್‌ಟೇಕನ್ನು 80ರ ಮರಳುಕಾಗದದಲ್ಲೇ ನಿಲ್ಲಿಸಿದೆ. ಕನ್ನಡಿಯಂತೆ ಹೊಳೆಸಿದರೆ ಪೆಟ್ರೋಲು ಗೋಡೆಗೆ ಪೊರೆಯಾಗಿ ಅಂಟಿಕೊಂಡು ಹರಿಯುತ್ತದೆ, ಸ್ವಲ್ಪ ಒರಟಿದ್ದರೆ ಒಡೆದು ಮತ್ತೆ ಗಾಳಿಗೆ ಬೆರೆಯುತ್ತದೆ. ಎಕ್ಸಾಸ್ಟನ್ನು ಮಾತ್ರ 320ರವರೆಗೆ ಉಜ್ಜಿ ಬಫ್ ಮಾಡಿದೆ, ಇಂಗಾಲ ಹಿಡಿಯುವುದು ನಿಧಾನವಾಗಲಿ ಎಂದು. ಕಾರ್ಬುರೇಟರಿನಿಂದ ಪೋರ್ಟುಗಳಿಗೆ ಗಾಳಿ ತರುವ ಮ್ಯಾನಿಫೋಲ್ಡ್ ಕೂರುವ ಮುಖಕ್ಕೆ ಗುರುತಿನ ನೀಲಿ ಬಳಿದು, ಹೊಸ ಗ್ಯಾಸ್ಕೆಟ್ ಇಟ್ಟು ಸೂಜಿಯಿಂದ ಗೆರೆ ಎಳೆದೆ. ಎರಡನೆಯ ಇನ್‌ಟೇಕಿನಲ್ಲಿ ಹೆಡ್ಡಿನ ಅಂಚು ಒಂದು ಮಿ.ಮೀ.ಗೂ ಹೆಚ್ಚು ದಾರಿಗೆ ಅಡ್ಡ ನಿಂತಿತ್ತು. ಗೆರೆಯವರೆಗೆ ಮಾತ್ರ ತೆಗೆದು, ಒಳಕ್ಕೆ ಎರಡು ಸೆಂ.ಮೀ. ಉದ್ದಕ್ಕೆ ಇಳಿಜಾರಾಗಿ ಸೇರಿಸಿದೆ.

ಮೂರೂ ದಹನ ಕೋಣೆಗಳು ಸಮವಾಗಿವೆಯೇ ಎಂದು ಅಳೆಯಲು ಮೆಡಿಕಲ್ ಅಂಗಡಿಯ ಸಿರಿಂಜ್ ಸಾಕಾಯಿತು. ಪ್ಲಗ್, ವಾಲ್ವ್ ಹಾಕಿ, ಹೆಡ್ಡನ್ನು ಅಂಗಾತ ಇಟ್ಟು, ಅಂಚಿಗೆ ಗ್ರೀಸ್ ಸವರಿ, ತೂತಿರುವ ಅಕ್ರಿಲಿಕ್ ಹಲಗೆ ಮುಚ್ಚಿ, ಬಣ್ಣದ ನೀರು ತುಂಬಿದೆ. ಮೂರರ ನಡುವೆ 1.2 ಸಿ.ಸಿ. ವ್ಯತ್ಯಾಸವಿತ್ತು. ಸಣ್ಣ ಕೋಣೆಗಳ ಚೂಪು ಅಂಚುಗಳನ್ನಷ್ಟೇ ಸವರಿ ಅದನ್ನು 0.4ಕ್ಕೆ ಇಳಿಸಿದೆ.

ಜೋಡಿಸುವ ಮುನ್ನ ತೊಳೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಎಣ್ಣೆ ಹರಿಯುವ ತೂತಿನಲ್ಲಿ ಒಂದು ಲೋಹದ ಪುಡಿ ಉಳಿದರೂ ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಹಾಳಾಗುತ್ತದೆ. ಸೋಪಿನ ನೀರು, ಬಾಟಲಿ ಬ್ರಷ್, ಆಮೇಲೆ ಕಂಪ್ರೆಸರ್ ಗಾಳಿ, ಬಿಳಿ ಬಟ್ಟೆ ತೂರಿಸಿ ತೆಗೆದರೆ ಬಿಳಿಯಾಗಿಯೇ ಬರುವವರೆಗೆ. ಹೊಸ ಗ್ಯಾಸ್ಕೆಟ್, ಹೊಸ ವಾಲ್ವ್ ಸೀಲ್, ಹೊಸ ಟೈಮಿಂಗ್ ಬೆಲ್ಟ್. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದೆ.

ಪರೀಕ್ಷೆಗೆ ಚಿತ್ರದುರ್ಗದ ರಸ್ತೆ ಹಿಡಿದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ದುರ್ಗ 730ರ ಆಸುಪಾಸಿನಲ್ಲಿದೆ. ಆನಗೋಡು, ಭರಮಸಾಗರ ದಾಟುತ್ತಾ ರಸ್ತೆ ಕಣ್ಣಿಗೆ ಕಾಣದಂತೆ ಏರುತ್ತದೆ. ಕೆಲಸಕ್ಕೆ ಮೊದಲು ಹೆದ್ದಾರಿಯ ಒಂದು ಗುರುತಿನ ಜಾಗದಲ್ಲಿ ನಾಲ್ಕನೇ ಗೇರಿನಲ್ಲಿ 40ರಿಂದ 80 ಕಿ.ಮೀ. ವೇಗಕ್ಕೆ ಏರಲು 23 ಸೆಕೆಂಡ್ ಹಿಡಿದಿತ್ತು, ಪಕ್ಕದಲ್ಲಿ ಕುಳಿತ ಮಗ ಗಡಿಯಾರ ಹಿಡಿದಿದ್ದ. ಈಗ ಅದೇ ಜಾಗದಲ್ಲಿ ಮೂರು ಸಲ ನೋಡಿದೆವು: 19, 19, 20. ಮೂರನೆಯ ಸಿಲಿಂಡರಿನ ಸೋರಿಕೆ ನಿಂತದ್ದರ ಪಾಲು ಇದರಲ್ಲಿ ದೊಡ್ಡದು. ಆದರೆ ಈ ಕಾರನ್ನು ಅದು ಹೊಸದಿದ್ದಾಗಿನಿಂದ ಓಡಿಸಿದವನು ನಾನು. ವೇಗ ಏರಿದಂತೆ ಉಸಿರು ಕಟ್ಟಿದಂತಾಗುತ್ತಿತ್ತಲ್ಲ, ಅದು ಆಗಲೂ ಇತ್ತು. ಈಗ ಇಲ್ಲ.

ಗಾಳಿ ಸಲೀಸಾಗಿ ಬರತೊಡಗಿದ್ದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಅದು ತೆಳುವಾಯಿತು, ಮೊದಲ ವಾರ ಪ್ಲಗ್ಗುಗಳು ಬಿಳಿಚಿಕೊಂಡು ಬಂದವು. ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಮುಖ್ಯ ಜೆಟ್ಟನ್ನು ಒಂದು ಹಂತ ದೊಡ್ಡದಕ್ಕೆ ಬದಲಿಸಿ, ಐಡಲ್ ಸರಿಪಡಿಸಿ, ಹೊಗೆ ತಪಾಸಣೆ ಮಾಡಿಸಿದೆ. ಸಾವಿರ ಕಿ.ಮೀ. ಆದ ಮೇಲೆ ಮೊನ್ನೆ ಮತ್ತೆ ಬಿಚ್ಚಿ ನೋಡಿದರೆ ಮೂರೂ ಪ್ಲಗ್ಗುಗಳು ಲಘುವಾಗಿ ಹುರಿದ ಕಾಫಿಬೀಜದ ತಿಳಿಕಂದು ಬಣ್ಣಕ್ಕೆ ಬಂದಿದ್ದವು. ಮೂರನೆಯದಕ್ಕೂ ಉಳಿದೆರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಕೊಯ್ದ ಗುಜರಿ ಹೆಡ್ಡಿನ ಎರಡು ಹೋಳುಗಳನ್ನು ಅಂಗಡಿಯ ಮೇಜಿನ ಮೇಲೆಯೇ ಇಟ್ಟಿದ್ದೇನೆ. ಈ ಕೆಲಸ ಮಾಡಬೇಕೆಂದು ಕೇಳಿಕೊಂಡು ಬಂದವರಿಗೆ ಮೊದಲು ಅದನ್ನು ಕೈಗೆ ಕೊಟ್ಟು, ಕೆಂಪು ಗುರುತುಗಳನ್ನು ತೋರಿಸುತ್ತೇನೆ.